ಮಕ್ಕಳು ಮತ್ತು ಹಿರಿಯರೊಂದಿಗೆ ಹೋಗಲು ಟೋಕಿಯೊ ಸಮೀಪದಲ್ಲಿ ಶಾಂತವಾದ ಕಡಲತೀರ ಯಾವುದು?

ಪ್ರಶ್ನೆ: ಮರಳಗೂಡು

ನಮಸ್ಕಾರ. ನಾವು ಟೋಕಿಯೊ ನಗರದ ಪೂರ್ವ ಭಾಗಕ್ಕೆ ಬಂದು ನೆಲೆಸಿ ಮೂರು ವರ್ಷ ತುಂಬುತ್ತಿದೆ. ಸುತ್ತಲೂ ಸಮುದ್ರವಿರುವ ದೇಶದಲ್ಲಿದ್ದುಕೊಂಡು ಇಷ್ಟು ದಿನಗಳಲ್ಲಿ ಕಡಲಿಗೆ ಹೋದದ್ದು ಒಂದೇ ಸಲ, ಅದೂ ಕೈಗೂಡಲಿಲ್ಲ. ಕಳೆದ ಆಗಸ್ಟ್‌ನಲ್ಲಿ ಚಿತ್ರಗಳನ್ನು ನೋಡಿ ಮರುಳಾಗಿ, ಪೆಸಿಫಿಕ್ ಸಾಗರಕ್ಕೆ ನೇರವಾಗಿ ತೆರೆದುಕೊಂಡಿರುವ ಒಂದು ಉದ್ದನೆಯ ತೀರಕ್ಕೆ ಹೋಗಿದ್ದೆವು. ತಲುಪುವಷ್ಟರಲ್ಲಿ ಕೆಂಪು ಬಾವುಟ ಏರಿತ್ತು. ಮೊಣಕಾಲುದ್ದದ ನೀರಿಗೂ ಇಳಿಯಲು ಬಿಡಲಿಲ್ಲ. ನಮ್ಮ ಪಕ್ಕದಲ್ಲೇ ಬೀಡುಬಿಟ್ಟಿದ್ದ ತರುಣರ ಗುಂಪೊಂದು ಬೆಳಗಿನಿಂದಲೇ ಕುಡಿದು ಜೋರಾಗಿ ಹಾಡು ಹಾಕಿಕೊಂಡಿತ್ತು. ಮಕ್ಕಳು ಎರಡು ಗಂಟೆ ಮರಳಾಡಿದರು, ಬಿಸಿಲಿಗೆ ಬಾಡಿದರು, ರೈಲು ಹತ್ತಿ ಮನೆಗೆ ಬಂದೆವು.

ಈ ಬೇಸಿಗೆಯಲ್ಲಿ ಅತ್ತೆ ಮತ್ತು ಮಾವ ಆರು ವಾರಗಳ ಮಟ್ಟಿಗೆ ಬಂದಿರುತ್ತಾರೆ. ಮಗಳಿಗೆ ಏಳು ವರ್ಷ, ಈಜು ಕಲಿಯುತ್ತಿದ್ದಾಳೆ. ಮಗನಿಗೆ ನಾಲ್ಕು, ನೀರು ಕಂಡರೆ ಹಿಂದೆ ಮುಂದೆ ನೋಡದೆ ಓಡುವ ಸ್ವಭಾವ. ಅತ್ತೆಯವರಿಗೆ ಮಂಡಿನೋವು ಇರುವುದರಿಂದ ಬಹಳ ದೂರ ನಡೆಯಲಾರರು. ನಮ್ಮಲ್ಲಿ ಕಾರು ಇಲ್ಲ. ರೈಲು ಅಥವಾ ಬಸ್ಸಿನಲ್ಲಿ ಎರಡು ಗಂಟೆಯೊಳಗೆ ತಲುಪಿ, ಸಂಜೆಗೆ ಮರಳಿ ಬರುವಂತಿರಬೇಕು. ಅಲೆಗಳು ಸಣ್ಣವಾಗಿದ್ದು, ಗದ್ದಲವಿಲ್ಲದ ಜಾಗ ಯಾವುದು? ಯಾವ ವಾರ ಹೋಗುವುದು ಸೂಕ್ತ? ಲೋಳೆಮೀನಿನ (ಜೆಲ್ಲಿಫಿಶ್) ಕಾಟ ನಿಜವಾಗಿಯೂ ಎಷ್ಟು? ನಾವು ಸಸ್ಯಾಹಾರಿಗಳು, ಅಲ್ಲಿ ತಿನ್ನಲು ಏನಾದರೂ ಸಿಗುತ್ತದೆಯೇ? ಸೀರೆ ಉಟ್ಟು ಹೋದರೆ ಎಲ್ಲರ ಕಣ್ಣೂ ತಮ್ಮ ಮೇಲೆಯೇ ಇರುತ್ತದೆಯೇನೋ ಎಂಬುದು ಅತ್ತೆಯವರ ಸಂಕೋಚ. ಅದಕ್ಕೂ ತಿಳಿದವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ದೋಣಿ

ನೀವು ಹೇಳಿದ ಎಲ್ಲ ಷರತ್ತುಗಳನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ಮೊದಲು ನೆನಪಾಗುವುದು ಕಾನಾಗಾವಾ ಪ್ರಾಂತ್ಯದ ಝುಶಿ ಕಡಲತೀರ. ನಾನು ಹನ್ನೊಂದು ವರ್ಷಗಳಿಂದ ಯೊಕೊಹಾಮಾದಲ್ಲಿದ್ದೇನೆ. ಮಕ್ಕಳು ತೆವಳುತ್ತಿದ್ದ ಕಾಲದಿಂದ ಪ್ರತಿ ಬೇಸಿಗೆಯಲ್ಲಿ ಎರಡು ಮೂರು ಸಲವಾದರೂ ಅಲ್ಲಿಗೆ ಹೋಗುತ್ತೇವೆ.

ಝುಶಿ ಶಾಂತವಾಗಿರುವುದಕ್ಕೆ ಎರಡು ಕಾರಣಗಳಿವೆ. ಒಂದು ಭೂಗೋಳ: ಸಾಗಾಮಿ ಕೊಲ್ಲಿಯ ಒಳಮೂಲೆಯಲ್ಲಿ, ಎರಡು ಬದಿಗೂ ಚಾಚಿಕೊಂಡ ನೆಲದ ನಡುವೆ, ಕುಡುಗೋಲಿನಂತೆ ಬಾಗಿರುವ ಈ ತೀರಕ್ಕೆ ಮಹಾಸಾಗರದ ಅಲೆ ಬಂದು ಮುಟ್ಟುವ ಹೊತ್ತಿಗೆ ಅದರ ಬಲವೆಲ್ಲ ಸೋರಿಹೋಗಿರುತ್ತದೆ. ನೆಲವೂ ನಿಧಾನವಾಗಿ ಇಳಿಯುತ್ತದೆ. ದಡದಿಂದ ಸಾಕಷ್ಟು ದೂರ ನಡೆದರೂ ದೊಡ್ಡವರಿಗೆ ನೀರು ಸೊಂಟ ದಾಟುವುದಿಲ್ಲ. ಇನ್ನೊಂದು ಕಾರಣ ನಗರಸಭೆಯ ಕಟ್ಟಳೆ. ನೀವು ಕಳೆದ ವರ್ಷ ಅನುಭವಿಸಿದಂತಹ ಗದ್ದಲ ಒಂದು ಕಾಲದಲ್ಲಿ ಝುಶಿಯಲ್ಲಿಯೂ ಇತ್ತು. ಊರಿನ ಕುಟುಂಬಗಳೇ ತಮ್ಮ ಕಡಲಿಗೆ ಹೋಗಲು ಹಿಂಜರಿಯುವ ಸ್ಥಿತಿ ಬಂದಾಗ, 2014ರಲ್ಲಿ ನಗರಸಭೆ ತನ್ನ ನಿಯಮವನ್ನು ತಿದ್ದಿ, ಸಮುದ್ರ ಸ್ನಾನದ ಋತುವಿನಲ್ಲಿ ಮರಳಿನ ಮೇಲೆ ಕುಡಿಯುವುದು, ಧ್ವನಿವರ್ಧಕದಲ್ಲಿ ಹಾಡು ಹಾಕುವುದು, ಬಾರ್ಬೆಕ್ಯೂ ಮಾಡುವುದು, ಮೈಮೇಲಿನ ಹಚ್ಚೆಯನ್ನು ತೋರಿಸಿಕೊಂಡು ಓಡಾಡುವುದು, ಇವೆಲ್ಲವನ್ನೂ ನಿಷೇಧಿಸಿತು. ಜಪಾನಿನಲ್ಲಿಯೇ ಅತಿ ಕಠಿಣವಾದ ಕಡಲತೀರದ ನಿಯಮವೆಂದು ಆಗ ಪತ್ರಿಕೆಗಳು ಬರೆದವು. ವ್ಯಾಪಾರಿಗಳಿಗೆ ನಷ್ಟವಾಯಿತು ಎಂಬ ದೂರು ಸುಳ್ಳೇನಲ್ಲ. ಆದರೆ ಇಂದು ಅಲ್ಲಿ ಕೇಳಿಸುವುದು ಮಕ್ಕಳ ಕೂಗು, ಅಲೆಯ ಸದ್ದು, ಆಗಾಗ ಗಂಭೀರ ಧ್ವನಿಯಲ್ಲಿ ಹೊರಡುವ ನಗರಸಭೆಯ ಪ್ರಕಟಣೆ, ಇಷ್ಟೇ. ನಿಮ್ಮ ಮಾವನವರಿಗೆ ಅಥವಾ ನಿಮಗೆ ಭುಜದ ಮೇಲೆ ಹಚ್ಚೆಯಿದ್ದರೆ ತೋಳು ಮುಚ್ಚುವ ಅಂಗಿ ತೊಟ್ಟುಕೊಳ್ಳಿ.

ದಾರಿ ಸುಲಭ. ಟೋಕಿಯೊ ನಿಲ್ದಾಣದ ನೆಲಮಾಳಿಗೆಯ ಪ್ಲಾಟ್‌ಫಾರ್ಮಿನಿಂದ ಹೊರಡುವ ಯೊಕೊಸುಕಾ ಮಾರ್ಗದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ದರ ದೊಡ್ಡವರಿಗೆ ಒಂದು ಕಡೆಗೆ ಸುಮಾರು 1,000 ಯೆನ್, ಮಗಳಿಗೆ ಅದರ ಅರ್ಧ, ಮಗನಿಗೆ ಉಚಿತ. ಝುಶಿ ನಿಲ್ದಾಣದಿಂದ ತೀರಕ್ಕೆ ಹದಿನೈದು ನಿಮಿಷದ ಸಮತಟ್ಟು ನಡಿಗೆ; ಅತ್ತೆಯವರಿಗೆ ಅದು ಕಷ್ಟವೆನಿಸಿದರೆ ನಿಲ್ದಾಣದ ಮುಂದೆಯೇ ಟ್ಯಾಕ್ಸಿ ನಿಂತಿರುತ್ತದೆ. ಕೇಯ್ಕ್ಯೂ ಎಂಬ ಇನ್ನೊಂದು ರೈಲು ಸಂಸ್ಥೆಯ ಝುಶಿ-ಹಯಾಮಾ ನಿಲ್ದಾಣ ಇನ್ನೂ ಸ್ವಲ್ಪ ಹತ್ತಿರ. ಹಿಂದಿರುಗುವಾಗ ನೆನಪಿಡಬೇಕಾದ ಒಂದು ವಿಷಯವಿದೆ: ಕೆಲವು ರೈಲುಗಳು ಝುಶಿಯಲ್ಲಿಯೇ ಹೊರಡುತ್ತವೆ. ಬಂದ ಮೊದಲ ರೈಲಿಗೆ ನುಗ್ಗದೆ, ಅಲ್ಲಿಂದಲೇ ಹೊರಡುವ ರೈಲಿಗಾಗಿ ಹತ್ತು ನಿಮಿಷ ಕಾದರೆ ಆರು ಜನಕ್ಕೂ ಕುಳಿತುಕೊಳ್ಳಲು ಜಾಗ ಸಿಗುತ್ತದೆ. ಮರಳು, ಉಪ್ಪು, ನಿದ್ದೆ ಮೂರೂ ಮೈಗಂಟಿದ ಮಕ್ಕಳನ್ನು ಒಂದು ಗಂಟೆ ನಿಲ್ಲಿಸಿಕೊಂಡು ಬಂದವರಿಗೆ ಈ ಮಾತಿನ ಬೆಲೆ ಗೊತ್ತು.

ತೀರದ ಉದ್ದಕ್ಕೂ ಬೇಸಿಗೆಯ ಎರಡು ತಿಂಗಳಿಗಾಗಿ ಮರದಲ್ಲಿ ಕಟ್ಟಿ, ಆಮೇಲೆ ಬಿಚ್ಚಿಡುವ ತಂಗುಮನೆಗಳಿರುತ್ತವೆ. ಇವಕ್ಕೆ ‘ಉಮಿ ನೊ ಇಎ’, ಅಂದರೆ ಕಡಲಮನೆ ಎಂದು ಹೆಸರು. ದೊಡ್ಡವರಿಗೆ ತಲಾ 1,000ದಿಂದ 2,000 ಯೆನ್ ಕೊಟ್ಟರೆ ಬಟ್ಟೆ ಬದಲಿಸುವ ಕೋಣೆ, ಲಾಕರ್, ಸ್ನಾನದ ಶವರ್ ಮತ್ತು ದಿನವಿಡೀ ನೆರಳು ಸಿಗುತ್ತವೆ. ನೀವು ಟೆಂಟು ಹೊತ್ತುಕೊಂಡು ಹೋಗಿ ಈ ಖರ್ಚನ್ನು ಉಳಿಸಬಹುದು. ಆದರೆ ಮಂಡಿನೋವಿನ ಹಿರಿಯರು ಜೊತೆಯಲ್ಲಿರುವಾಗ ನಾನಂತೂ ಉಳಿಸಲಾರೆ. ನೆಲದ ಮೇಲೆ ಕುಳಿತು ಏಳುವ ಕಷ್ಟವಿಲ್ಲದೆ ಬೆಂಚಿನ ಮೇಲೆ ಕಾಲು ಚಾಚಿ ಕೂರಬಹುದು, ಮೊಮ್ಮಕ್ಕಳೂ ಕಣ್ಣಳತೆಯಲ್ಲಿಯೇ ಇರುತ್ತಾರೆ.

ಇನ್ನು ದಿನದ ಆಯ್ಕೆ. ಟೋಕಿಯೊ ಸುತ್ತಲಿನ ಕಾಂತೊ ಪ್ರದೇಶದಲ್ಲಿ ಮಳೆಗಾಲ ಸಾಮಾನ್ಯವಾಗಿ ಜುಲೈ ಮಧ್ಯದವರೆಗೆ ಎಳೆಯುತ್ತದೆ. ಆಗಸ್ಟ್ 13ರಿಂದ 16ರವರೆಗೆ, ಗತಿಸಿದ ಹಿರಿಯರನ್ನು ನೆನೆಯುವ ಓಬೊನ್ ಹಬ್ಬದ ದಿನಗಳಲ್ಲಿ ಇಡೀ ದೇಶವೇ ರಜೆಯಲ್ಲಿರುತ್ತದೆ. ಜುಲೈ ಮೂರನೆಯ ಸೋಮವಾರ ಬರುವ ‘ಕಡಲ ದಿನ’ ರಾಷ್ಟ್ರೀಯ ರಜೆಯಾದ್ದರಿಂದ ಆ ವಾರಾಂತ್ಯದಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಇವೆಲ್ಲ ಕಳೆದು ಉಳಿಯುವುದು ಜುಲೈ ಕೊನೆಯ ವಾರ ಮತ್ತು ಆಗಸ್ಟ್ ಮೊದಲ ವಾರ. ಸಾಧ್ಯವಾದರೆ ಒಂದು ದಿನ ರಜೆ ಹಾಕಿ ವಾರದ ನಡುವೆ ಹೋಗಿ, ಒಂಬತ್ತಕ್ಕೆ ಮರಳಿನ ಮೇಲಿರಿ.

ಒಂದು ಅಡ್ಡಮಾತು: ಗಾಳಿ ಶುಭ್ರವಾಗಿದ್ದರೆ ಝುಶಿಯಿಂದ ಎನೊಶಿಮಾ ದ್ವೀಪವೂ ಅದರಾಚೆ ಫುಜಿ ಪರ್ವತವೂ ಕಾಣುತ್ತವೆ. ಎನೊಶಿಮಾದ ಅಧಿದೇವತೆ ಬೆಂಝೈತೆನ್ ಬೇರಾರೂ ಅಲ್ಲ, ನಮ್ಮ ಸರಸ್ವತಿ. ಬೌದ್ಧಧರ್ಮದೊಂದಿಗೆ ಇಲ್ಲಿಗೆ ಬಂದವಳು, ವೀಣೆಯ ಬದಲು ಬಿವಾ ಎಂಬ ವಾದ್ಯವನ್ನು ಹಿಡಿದಿದ್ದಾಳೆ. ನಿಮ್ಮ ಅತ್ತೆಯವರಿಗೆ ಹೇಳಿ, ಖುಷಿಪಡುತ್ತಾರೆ. ಆದರೆ ಅದೇ ದಿನ ದ್ವೀಪವನ್ನೂ ಹತ್ತಿಸಲು ಹೋಗಬೇಡಿ. ಅಲ್ಲಿ ಮೆಟ್ಟಿಲುಗಳೇ ಮೆಟ್ಟಿಲುಗಳು.

ಉತ್ತರ: ಗಾಳಿಪಟ

ಹಳೆಯ ದೋಣಿಯವರು ಹೇಳಿದ್ದರಲ್ಲಿ ಒಂದು ವಿಷಯಕ್ಕೆ ನನ್ನ ತಕರಾರಿದೆ. ಝುಶಿ ಗದ್ದಲವಿಲ್ಲದ ತೀರ ಹೌದು, ಜನವಿಲ್ಲದ ತೀರವಲ್ಲ. ಪ್ರಶ್ನೆ ಕೇಳಿದವರಿಗೆ ವಾರದ ನಡುವೆ ರಜೆ ಸಿಗದಿದ್ದರೆ, ಭಾನುವಾರದ ಝುಶಿಯಲ್ಲಿ ನಾಲ್ಕು ವರ್ಷದ ಹುಡುಗ ಒಂದು ಕ್ಷಣ ಕಣ್ಮರೆಯಾದರೂ ಹುಡುಕುವುದು ಕಷ್ಟ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಮಗ ಏಳೆಂಟು ನಿಮಿಷ ಬೇರೆಯವರ ಕೊಡೆಯ ಕೆಳಗೆ ಕುಳಿತು ಅವರ ಕಲ್ಲಂಗಡಿ ತಿನ್ನುತ್ತಿದ್ದ. ಆ ಏಳೆಂಟು ನಿಮಿಷ ನಾವು ಬದುಕಿದ್ದೆವೋ ಇಲ್ಲವೋ ಗೊತ್ತಿಲ್ಲ. ಅಂದಿನಿಂದ ಮಕ್ಕಳಿಗೆ ಕಣ್ಣು ಕುಕ್ಕುವ ಬಣ್ಣದ ಟೋಪಿ ಹಾಕದೆ ಮರಳಿಗೆ ಇಳಿಸುವುದಿಲ್ಲ.

ನನ್ನ ಆಯ್ಕೆ ಚಿಬಾ ಪ್ರಾಂತ್ಯದ ತೆಂಕಣ ತುದಿಯಲ್ಲಿರುವ ತಾತೆಯಾಮಾ. ಅಲ್ಲಿನ ಕೊಲ್ಲಿಗೆ ‘ಕಾಗಾಮಿಗಾಉರಾ’ ಎಂಬ ಇನ್ನೊಂದು ಹೆಸರಿದೆ, ಕನ್ನಡಿಯ ಕೊಲ್ಲಿ ಎಂದು ಅರ್ಥ; ನೀರು ಅಷ್ಟು ನಿಶ್ಚಲ. ಹೋಜೊ ಎಂಬ ಅದರ ಮುಖ್ಯ ತೀರ ರೈಲು ನಿಲ್ದಾಣದಿಂದ ಐದಾರು ನಿಮಿಷದ ನಡಿಗೆಯಷ್ಟೇ. ರೈಲಿಗಿಂತ ಟೋಕಿಯೊ ನಿಲ್ದಾಣದ ಯಾಎಸು ಬದಿಯಿಂದ ಹೊರಡುವ ಹೆದ್ದಾರಿ ಬಸ್ಸು ಅನುಕೂಲ: ಸುಮಾರು ಎರಡು ಗಂಟೆ, ಕೂತ ಸೀಟು ನಿಮ್ಮದೇ. ಈ ಬಸ್ಸು ಟೋಕಿಯೊ ಕೊಲ್ಲಿಯನ್ನು ಅಡ್ಡಲಾಗಿ ದಾಟುವ ಅಕ್ವಾಲೈನ್ ಮೂಲಕ ಹೋಗುತ್ತದೆ. 1997ರಲ್ಲಿ ತೆರೆದ, 15 ಕಿಲೊಮೀಟರು ಉದ್ದದ ಈ ರಸ್ತೆಯ ಮೊದಲ ಭಾಗ ಕಡಲ ತಳದ ಸುರಂಗ, ಉಳಿದದ್ದು ಸೇತುವೆ. ಕತ್ತಲಿನಿಂದ ಬಸ್ಸು ಹಠಾತ್ತನೆ ಮೇಲೆದ್ದು ನಾಲ್ಕೂ ಕಡೆ ನೀರೇ ನೀರು ಕಾಣಿಸುವ ಆ ಕ್ಷಣಕ್ಕೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ದೊಡ್ಡವರು ಫೋನು ಹುಡುಕುತ್ತಾರೆ. ಕೊರತೆಯೆಂದರೆ ಭಾನುವಾರ ಸಂಜೆ ಟೋಕಿಯೊ ಕಡೆಗೆ ಇದೇ ರಸ್ತೆಯಲ್ಲಿ ವಾಹನಗಳು ಆಮೆಯಂತೆ ತೆವಳುತ್ತವೆ. ಶನಿವಾರ ಹೋಗಿ, ಇಲ್ಲವೇ ಮೂರು ಗಂಟೆಗೇ ಹೊರಟುಬಿಡಿ.

ಲೋಳೆಮೀನಿನ ವಿಷಯ. ಓಬೊನ್ ಕಳೆದ ಮೇಲೆ ಕಡಲಿಗೆ ಇಳಿಯಬಾರದು ಎಂದು ಇಲ್ಲಿನ ಅಜ್ಜಿಯರು ಹೇಳುತ್ತಾರೆ. ಅದು ಬರೀ ನಂಬಿಕೆಯಲ್ಲ. ಆ ಹೊತ್ತಿಗೆ ಅಂದೋನ್ ಕುರಾಗೆ ಎಂಬ, ಗಾಜಿನಂತೆ ಕಣ್ಣಿಗೆ ಕಾಣದಷ್ಟು ತಿಳಿಯಾದ ಸಣ್ಣ ಲೋಳೆಮೀನುಗಳು ದಡಕ್ಕೆ ಬರುತ್ತವೆ. ತಾಗಿದರೆ ಚಾಟಿಯಿಂದ ಹೊಡೆದಂತೆ ಕೆಂಪು ಗೆರೆ ಏಳುತ್ತದೆ. ಇದಕ್ಕಿಂತ ಅಪಾಯಕಾರಿಯಾದದ್ದು ಕಾತ್ಸುಒ ನೊ ಎಬೊಶಿ. ದಕ್ಷಿಣದ ಗಾಳಿ ಜೋರಾಗಿ ಬೀಸಿದ ಮರುದಿನ ಮರಳಿನ ಮೇಲೆ ನೀಲಿ ಬಣ್ಣದ, ಊದಿದ ಸಣ್ಣ ಚೀಲದಂತೆ ಬಿದ್ದಿರುತ್ತದೆ. ಮಕ್ಕಳಿಗೆ ಅದು ಆಟದ ಬಲೂನಿನಂತೆ ಕಾಣುತ್ತದೆ. ಸತ್ತು ಒಣಗಿದ್ದರೂ ಮುಟ್ಟಬಾರದು. ಕುಟುಕಿದರೆ ಉಜ್ಜಬೇಡಿ, ನಲ್ಲಿ ನೀರು ಹಾಕಬೇಡಿ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿರುವ ಎಳೆಗಳನ್ನು ಬರಿಗೈಯಿಂದ ಮುಟ್ಟದೆ ತೆಗೆದು, ನೇರವಾಗಿ ಲೈಫ್‌ಗಾರ್ಡ್ ಕಟ್ಟೆಗೆ ಹೋಗಿ. ವಿನೆಗರ್ ಹಾಕಬೇಕು ಎಂಬ ಸಲಹೆ ಎಲ್ಲೆಡೆ ಕೇಳಿಸುತ್ತದೆ. ಅದು ಒಕಿನಾವಾದ ಹಾಬು ಲೋಳೆಮೀನಿಗೆ ಸರಿಯಾದ ಉಪಚಾರ. ಕಾತ್ಸುಒ ನೊ ಎಬೊಶಿಗೆ ಹಾಕಿದರೆ ಇನ್ನಷ್ಟು ಕೆಡುಕಾಗಬಹುದು ಎಂದು ಇಲ್ಲಿ ಎಚ್ಚರಿಸುತ್ತಾರೆ. ಜುಲೈ ಕೊನೆಯಲ್ಲಿ ಹೋಗುವವರು ಇಷ್ಟಕ್ಕೆಲ್ಲ ಹೆದರಬೇಕಾಗಿಲ್ಲ. ಮಕ್ಕಳಿಗೆ ಉದ್ದ ತೋಳಿನ ಈಜು ಅಂಗಿ ತೊಡಿಸಿದರೆ ಬಿಸಿಲಿಗೂ ಇದಕ್ಕೂ ಒಂದೇ ಪರಿಹಾರ.

ಇನ್ನೊಂದು ಮಾತು. ನೀವು ಟೋಕಿಯೊದ ಪೂರ್ವ ಭಾಗದಲ್ಲಿದ್ದರೆ ಕಸಾಯಿ ಕಡಲ ಉದ್ಯಾನ ಕೂಗಳತೆಯಲ್ಲಿದೆ. ಕಟ್ಟಿದ ತೀರವೇನೋ ಹೌದು, ನೀರೂ ಕನ್ನಡಿಯಂತಿಲ್ಲ. ಆದರೆ ನೀರಿಳಿದಾಗ ತೆರೆದುಕೊಳ್ಳುವ ಕೆಸರು ಬಯಲಿನಲ್ಲಿ ಸಣ್ಣ ಏಡಿಗಳನ್ನು ಹಿಂಬಾಲಿಸುವುದಕ್ಕೆ ನಾಲ್ಕು ವರ್ಷದವನಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಕ್ಕಿಗಳ ಸಲುವಾಗಿ 2018ರಲ್ಲಿ ಅದಕ್ಕೆ ಜೌಗುಭೂಮಿಗಳಿಗೆ ಕೊಡುವ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ. ಪೂರ್ವದ ದಡ ಹಕ್ಕಿಗಳಿಗೆ ಮೀಸಲು, ಪಶ್ಚಿಮದ್ದು ನಮಗೆ. ದೊಡ್ಡ ಪ್ರವಾಸಕ್ಕೆ ಮುನ್ನ ಮಗನನ್ನು ಒಂದು ಸಂಜೆ ಅಲ್ಲಿಗೆ ಕರೆದೊಯ್ದು ನೋಡಿ.

ಉತ್ತರ: ಉಪ್ಪುಗಾಳಿ

ಇಷ್ಟೆಲ್ಲ ಲೆಕ್ಕಾಚಾರ ಯಾಕೆ? ಸೆಪ್ಟೆಂಬರ್ ಎರಡನೆಯ ವಾರ ಹೋಗಿ. ನೀರು ಬೆಚ್ಚಗಿರುತ್ತದೆ, ಜನವಿರುವುದಿಲ್ಲ, ಕಡಲಮನೆಗೆ ದುಡ್ಡು ಕೊಡಬೇಕಾಗಿಯೂ ಇಲ್ಲ. ನಾವು ಇಬ್ಬರೇ ಇದ್ದಾಗ ಹಾಗೆಯೇ ಹೋಗುತ್ತಿದ್ದೆವು.

ಉತ್ತರ: ಹಳೆಯ ದೋಣಿ

ಉಪ್ಪುಗಾಳಿಯವರೇ, ಈಜು ಬಲ್ಲ ಇಬ್ಬರು ವಯಸ್ಕರಿಗೆ ಇದು ಸರಿಯಾಗಬಹುದು. ನಾಲ್ಕು ವರ್ಷದ ಮಗುವಿರುವ ಕುಟುಂಬಕ್ಕೆ ದಯವಿಟ್ಟು ಈ ಸಲಹೆ ಕೊಡಬೇಡಿ.

ಜಪಾನಿನಲ್ಲಿ ಕಡಲು ‘ತೆರೆಯುವುದು’ ಎಂಬ ಮಾತಿದೆ, ‘ಉಮಿಬಿರಾಕಿ’. ಮೊದಲ ಸಲ ಕೇಳಿದಾಗ ನನಗೂ ನಗು ಬಂದಿತ್ತು. ಕಡಲಿಗೇನು ಬಾಗಿಲೇ, ಬೀಗವೇ ಎಂದು. ಆದರೆ ತೆರೆದ ದಿನದಿಂದ ಮುಚ್ಚುವ ದಿನದವರೆಗೆ ಅಲ್ಲಿ ತೇಲುಬುರುಡೆಗಳ ಸಾಲು ಕಟ್ಟಿ ಸ್ನಾನದ ಜಾಗವನ್ನು ಗುರುತಿಸಿರುತ್ತಾರೆ, ಲೈಫ್‌ಗಾರ್ಡ್‌ಗಳು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕಾವಲಿರುತ್ತಾರೆ, ದಿನವೂ ಅಲೆಯನ್ನು ನೋಡಿ ಬಾವುಟ ಏರಿಸುತ್ತಾರೆ: ನೀಲಿಯಾದರೆ ಇಳಿಯಬಹುದು, ಹಳದಿಯಾದರೆ ಎಚ್ಚರಿಕೆ, ಕೆಂಪಾದರೆ ನಿಷೇಧ. ಕಾನಾಗಾವಾದ ತೀರಗಳಲ್ಲಿ ಈ ಅವಧಿ ಸಾಮಾನ್ಯವಾಗಿ ಜುಲೈ ಆರಂಭದಿಂದ ಆಗಸ್ಟ್ ಕೊನೆಯವರೆಗೆ. ಸೆಪ್ಟೆಂಬರಿನಲ್ಲಿ ಅದೇ ಮರಳು, ಅದೇ ನೀರು ಇರುತ್ತದೆ. ನೋಡಿಕೊಳ್ಳುವವರು ಮಾತ್ರ ಇರುವುದಿಲ್ಲ.

ಸೆಪ್ಟೆಂಬರ್ ಚಂಡಮಾರುತಗಳ ತಿಂಗಳೂ ಹೌದು. ಚಂಡಮಾರುತ ಇನ್ನೂ ನೂರಾರು ಕಿಲೊಮೀಟರು ದೂರದಲ್ಲಿರುವಾಗಲೇ, ಇಲ್ಲಿ ಆಕಾಶ ತಿಳಿಯಾಗಿದ್ದು ಗಾಳಿ ಅಲುಗದಿದ್ದರೂ, ಅದು ಎಬ್ಬಿಸಿದ ಉದ್ದನೆಯ ಅಲೆಗಳು ದಡಕ್ಕೆ ಬಂದು ಮುಟ್ಟುತ್ತವೆ. ಇವುಗಳ ಹಿಂದೆ ಸೆಳವು ಹುಟ್ಟುತ್ತದೆ. ಸೆಳವಿನ ನೀರು ಸೆಕೆಂಡಿಗೆ ಎರಡು ಮೀಟರಿನಷ್ಟು ವೇಗವಾಗಿ ಒಳಕ್ಕೆ ಎಳೆಯಬಲ್ಲದು, ಅದರೆದುರು ನುರಿತ ಈಜುಗಾರನೂ ದಡಕ್ಕೆ ಬರಲಾರ. ಸಿಕ್ಕಿಕೊಂಡರೆ ದಡದತ್ತ ಈಜದೆ, ದಡಕ್ಕೆ ಸಮನಾಗಿ ಅಡ್ಡಲಾಗಿ ಈಜಿ ಅದರಿಂದ ಹೊರಬರಬೇಕು. ನಿಮ್ಮ ಮಗಳಿಗೆ ಇದನ್ನು ಮನೆಯಲ್ಲಿಯೇ ನೆಲದ ಮೇಲೆ ಗೆರೆ ಎಳೆದು ತೋರಿಸಿ. ಸೆಳವು ಇಲ್ಲದ ತೀರವೆಂಬುದಿಲ್ಲ. ಝುಶಿ, ತಾತೆಯಾಮಾಗಳಲ್ಲಿ ಕಡಿಮೆ ಎಂದಷ್ಟೇ ನಾವು ಹೇಳುತ್ತಿರುವುದು.

ಕೆಂಪು ಬಿಳಿ ಚೌಕಗಳ ಬಾವುಟವನ್ನೂ ಗುರುತಿಟ್ಟುಕೊಳ್ಳಿ. 2020ರಿಂದ ಅದು ಸುನಾಮಿ ಎಚ್ಚರಿಕೆಯ ಚಿಹ್ನೆ, ನೀರಿನ ಸದ್ದಿನಲ್ಲಿ ಸೈರನ್ ಕೇಳಿಸದವರಿಗಾಗಿ ಬಂದದ್ದು. ಕಂಡರೆ ಚೀಲ, ಚಪ್ಪಲಿ ಎಂದು ನೋಡದೆ ಎತ್ತರದ ಕಡೆಗೆ ನಡೆಯಬೇಕು. ಕಡಲಿನಲ್ಲಿ ಅಪಘಾತವಾದರೆ ಕರೆಯಬೇಕಾದ ಸಂಖ್ಯೆ 118, ಆಂಬುಲೆನ್ಸಿಗೆ 119.

ಉತ್ತರ: ಏಳುಮಲ್ಲಿಗೆ

ಊಟ ಮತ್ತು ಸೀರೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ.

ಕಡಲಮನೆಗಳಲ್ಲಿ ಸಿಗುವುದು ಯಾಕಿಸೊಬಾ ಎಂಬ ಹುರಿದ ನೂಡಲ್ಸು, ರಾಮೆನ್ ಎಂಬ ಸಾರಿನ ನೂಡಲ್ಸು, ಕರಿ ಅನ್ನ, ಸುಟ್ಟ ಮೀನು ಮತ್ತು ಸಾಸೇಜು. ಯಾಕಿಸೊಬಾದಲ್ಲಿ ಹಂದಿಮಾಂಸವಿರುತ್ತದೆ, ಅದನ್ನು ಬಿಡಿಸಿ ಕೊಡುತ್ತೇವೆಂದರೂ ಅದೇ ಕಬ್ಬಿಣದ ಹಲಗೆಯ ಮೇಲೆ ಹುರಿದದ್ದು. ಕರಿಯ ಬಣ್ಣ ನೋಡಿ ಆಸೆಪಡಬೇಡಿ, ಅದರ ತಳಪಾಕದಲ್ಲೇ ಮಾಂಸದ ಸಾರವಿರುತ್ತದೆ. ಬೇಯಿಸಿದ ಹಸಿ ಸೋಯಾ ಕಾಯಿ, ಅಂದರೆ ಎದಾಮಾಮೆ, ಮತ್ತು ಕಾಕಿಗೋರಿ ಮಾತ್ರ ನಿಶ್ಚಿಂತೆಯಾಗಿ ತಿನ್ನಬಹುದಾದವು. ಬಿಳಿ ಬಟ್ಟೆಯ ಮೇಲೆ ನೀಲಿ ಅಲೆ, ನಡುವೆ ಕೆಂಪು ಬಣ್ಣದಲ್ಲಿ ಮಂಜುಗಡ್ಡೆ ಎಂಬ ಒಂದೇ ಒಂದು ಅಕ್ಷರವಿರುವ ಬಾವುಟ ತೂಗಾಡುತ್ತಿದ್ದರೆ ಅಲ್ಲಿ ಕಾಕಿಗೋರಿ ಇದೆಯೆಂದು ಅರ್ಥ. ಹಿಮದಷ್ಟು ನವಿರಾಗಿ ಹೆರೆದ ಮಂಜಿನ ಮೇಲೆ ಶರಬತ್ತು ಸುರಿದು ಕೊಡುತ್ತಾರೆ. ಮಕ್ಕಳ ನಾಲಿಗೆ ನೀಲಿಯಾಗುವುದನ್ನು ತಡೆಯಲು ಆಗುವುದಿಲ್ಲ.

ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ಲೇಸು. ಚಿತ್ರಾನ್ನ ಬೇಗ ಕೆಡುವುದಿಲ್ಲ, ತಣ್ಣಗಿದ್ದರೂ ರುಚಿ. ಮೊಸರನ್ನವನ್ನು ಮಾತ್ರ ಆ ಬಿಸಿಲಿಗೆ ಒಯ್ಯಬೇಡಿ. ಕೆಲವು ಕಡಲಮನೆಗಳು ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ, ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ. ನಿಲ್ದಾಣದ ಬಳಿಯ ಅಂಗಡಿಯಲ್ಲಿ ಒನಿಗಿರಿ, ಅಂದರೆ ಅನ್ನದ ಉಂಡೆ ಕೊಳ್ಳುವುದಾದರೆ ಬರೀ ಉಪ್ಪು ಹಚ್ಚಿದ್ದನ್ನು ಆರಿಸಿ. ಹುಳಿಹಣ್ಣಿನ ಉಮೆಬೊಶಿಯಲ್ಲಿಯೂ ಒಮ್ಮೊಮ್ಮೆ ಒಣಮೀನಿನ ಪುಡಿ ಸೇರಿರುತ್ತದೆ. ಮತ್ತು ಹದ್ದುಗಳು! ಸಾಗಾಮಿ ತೀರದುದ್ದಕ್ಕೂ ಕಂದು ಹದ್ದುಗಳು ಮೇಲೆ ಸುತ್ತುತ್ತಲೇ ಇರುತ್ತವೆ. ಬೆನ್ನ ಹಿಂದಿನಿಂದ ಸದ್ದಿಲ್ಲದೆ ಎರಗಿ ಕೈಯಲ್ಲಿದ್ದ ತುತ್ತನ್ನು ಎಳೆದೊಯ್ಯುತ್ತವೆ. ನನ್ನ ಹೋಳಿಗೆಯೊಂದು ಹೀಗೆಯೇ ಹೋಯಿತು. ಸೂರಿನ ಕೆಳಗೆ ಅಥವಾ ಕೊಡೆಯ ಅಡಿಯಲ್ಲಿ ಕುಳಿತೇ ತಿನ್ನಿ.

ಸೀರೆಯ ಬಗ್ಗೆ ಅತ್ತೆಯವರಿಗೆ ಧೈರ್ಯ ಹೇಳಿ. ಇಲ್ಲಿನ ಕಡಲಿನಲ್ಲಿ ಮೈತುಂಬ ಬಟ್ಟೆ ತೊಟ್ಟವರೇ ಹೆಚ್ಚು. ತಾಯಂದಿರು ಮಣಿಕಟ್ಟಿನವರೆಗೆ ತೋಳಿರುವ ಈಜು ಅಂಗಿ, ಕಣಕಾಲಿನವರೆಗೆ ಚಡ್ಡಿ, ಮೇಲೆ ಅಗಲ ಅಂಚಿನ ಟೋಪಿ ಹಾಕಿಕೊಂಡು ಮಕ್ಕಳ ಹಿಂದೆ ಓಡುತ್ತಿರುತ್ತಾರೆ. ಹಿರಿಯರು ಪ್ಯಾಂಟನ್ನು ಮೊಣಕಾಲಿಗೆ ಮಡಚಿ ನೀರಿನಂಚಿನಲ್ಲಿ ನಿಲ್ಲುತ್ತಾರೆ. ನಮ್ಮ ತಾಯಿ ಹತ್ತಿ ಸೀರೆಯಲ್ಲಿಯೇ ಬಂದಿದ್ದರು. ಪಕ್ಕದ ಅಜ್ಜಿಯೊಬ್ಬರು ಬಂದು ಸೆರಗನ್ನು ಮುಟ್ಟಿ ನೋಡಿ ‘ಕಿರೇಯ್, ಕಿರೇಯ್’, ಅಂದರೆ ಚೆಂದ, ಚೆಂದ ಎಂದು ಹೊಗಳಿ ಹೋದರು. ತೊಂದರೆಯಾದದ್ದು ನೆರಿಗೆ ಒದ್ದೆಯಾಗಿ ಮರಳು ಹಿಡಿದು ಭಾರವಾದಾಗ ಮಾತ್ರ. ಹಾಗಾಗಿ ಒಂದು ಜೊತೆ ಬದಲಿ ಬಟ್ಟೆ, ಮಂಡಿಯ ಸಲುವಾಗಿ ಮಡಚುವ ಕುರ್ಚಿ ಇರಲಿ. ಮಧ್ಯಾಹ್ನದ ಮರಳು ಕಾದ ಹೆಂಚಿನಂತಿರುತ್ತದೆ, ನೀರಿನ ಅಂಚಿನವರೆಗೂ ಚಪ್ಪಲಿ ಬಿಡಬೇಡಿ. ಕಸದ ತೊಟ್ಟಿ ಹುಡುಕಬೇಡಿ, ಇರುವುದಿಲ್ಲ. ಎಲ್ಲವನ್ನೂ ಚೀಲದಲ್ಲಿ ಕಟ್ಟಿಕೊಂಡು ಮನೆಗೇ ತರಬೇಕು.

ಉತ್ತರ: ಒಳನಾಡಿಗ

ನೀವು ಹಿರಿಯರನ್ನು ಕ್ಯೋತೊ, ಒಸಾಕಾ ಕಡೆಗೂ ಕರೆತರುವ ಸಾಧ್ಯತೆಯಿದೆಯೆಂದು ಊಹಿಸಿ ಎರಡು ಜಾಗಗಳನ್ನು ಸೇರಿಸುತ್ತೇನೆ.

ಕೋಬೆಯ ಸುಮಾ ತೀರಕ್ಕೆ ರೈಲು ನಿಲ್ದಾಣದಿಂದ ನಡೆಯುವುದೆಂಬುದೇ ಇಲ್ಲ, ಮೆಟ್ಟಿಲಿಳಿದರೆ ಮರಳು. ಒಳನಾಡಿನ ಸಮುದ್ರವಾದ್ದರಿಂದ ಅಲೆ ಸೌಮ್ಯ. ಗಾಲಿಕುರ್ಚಿ ಹೋಗುವಂತೆ ಮರಳಿನ ಮೇಲೆ ಚಾಪೆ ಹಾಸುವ, ನೀರಿಗೂ ಇಳಿಯಬಲ್ಲ ವಿಶೇಷ ಕುರ್ಚಿಯಲ್ಲಿ ಅಂಗವಿಕಲರನ್ನು ಕಡಲಿಗೆ ಕರೆದೊಯ್ಯುವ ಸ್ವಯಂಸೇವಕರ ತಂಡವೊಂದು ಅಲ್ಲಿ ಕೆಲಸ ಮಾಡುತ್ತಿದೆ. ಮಂಡಿನೋವಿನವರಿಗೆ ಆ ಚಾಪೆಯೇ ದೊಡ್ಡ ಉಪಕಾರ. ಕಡಲ ಪಕ್ಕದ ಹೊಸ ಅಕ್ವೇರಿಯಂ 2024ರಲ್ಲಿ ತೆರೆದಿದೆ, ಮಳೆ ಬಂದರೆ ಮಕ್ಕಳಿಗೆ ಬೇಸರವಾಗುವುದಿಲ್ಲ.

ನನಗೆ ಇನ್ನೂ ಇಷ್ಟವಾದದ್ದು ಫುಕುಯಿ ಪ್ರಾಂತ್ಯದ ತಾಕಾಹಾಮಾ ಪಟ್ಟಣದಲ್ಲಿರುವ ವಾಕಾಸಾ ವಾದಾ. ಇದು ಜಪಾನ್ ಸಮುದ್ರದ ಬದಿ. ಚಳಿಗಾಲದಲ್ಲಿ ರೌದ್ರವಾಗಿರುವ ಈ ಸಮುದ್ರ ಬೇಸಿಗೆಯಲ್ಲಿ ಕೆರೆಯಂತಿರುತ್ತದೆ. ಹೊರಸಾಗರಕ್ಕೆ ಕಿರಿದಾದ ಜಲಸಂಧಿಗಳಷ್ಟೇ ದಾರಿಯಾಗಿರುವುದರಿಂದ ಇಲ್ಲಿ ಉಬ್ಬರ ಇಳಿತದ ಅಂತರ ಒಂದು ಮೊಳಕ್ಕಿಂತ ಹೆಚ್ಚಿಲ್ಲ. ಬೆಳಿಗ್ಗೆ ನೀವು ಚಾಪೆ ಹಾಸಿದ ಜಾಗಕ್ಕೆ ಸಂಜೆಯವರೆಗೂ ನೀರು ಬರುವುದಿಲ್ಲ. ನೀರಿನ ಶುದ್ಧಿ, ಸುರಕ್ಷತೆಗಳನ್ನು ನೋಡಿ ಕೊಡುವ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನು 2016ರಲ್ಲಿ ಜಪಾನಿಗೆ ಮೊದಲು ತಂದ ಎರಡು ತೀರಗಳಲ್ಲಿ ಇದೂ ಒಂದು. ಇನ್ನೊಂದು ಕಾಮಾಕುರಾದ ಯುಯಿಗಾಹಾಮಾ. ಸುಮಾ ಕೂಡ 2019ರಲ್ಲಿ ಪಡೆದುಕೊಂಡಿತು. ಆದರೆ ಕ್ಯೋತೊದಿಂದ ರೈಲು ಬದಲಿಸಿ ಹೋಗಬೇಕಾದ್ದರಿಂದ ಒಂದು ರಾತ್ರಿ ಅಲ್ಲಿಯೇ ಉಳಿದುಕೊಳ್ಳುವುದು ಮೇಲು.

ವಾಕಾಯಾಮಾದ ಶಿರಾಹಾಮಾವನ್ನು ಹೆಸರಿಸದೆ ಬಿಟ್ಟದ್ದು ಬೇಕೆಂದೇ. ಬಿಳಿಯ ಮರಳು ಸುಂದರ, ಆದರೆ ಆಗಸ್ಟ್‌ನಲ್ಲಿ ಅಲ್ಲಿ ಮರಳಿಗಿಂತ ಕೊಡೆಗಳೇ ಹೆಚ್ಚು. ಪಾಂಡಾ ತೋರಿಸುತ್ತೇವೆಂದು ಮಕ್ಕಳಿಗೆ ಮಾತು ಕೊಡಬೇಡಿ. ಅಲ್ಲಿದ್ದ ನಾಲ್ಕೂ 2025ರ ಜೂನ್‌ನಲ್ಲಿ ಚೀನಾಕ್ಕೆ ಮರಳಿದವು.

ಪ್ರಶ್ನೆ ಕೇಳಿದವರಿಂದ: ಮರಳಗೂಡು

ಎಲ್ಲರಿಗೂ ಧನ್ಯವಾದಗಳು. ಮಂಗಳವಾರ ರಜೆ ಹಾಕಿ ಝುಶಿಗೆ ಹೋಗಿ ಬಂದೆವು. ಮುಂದೆ ಇದನ್ನು ಓದುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಆರೂವರೆಗೆ ಮನೆ ಬಿಟ್ಟು ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ತೀರದಲ್ಲಿದ್ದೆವು. ಊರಿನ ಬೀದಿಗಳನ್ನು ದಾಟಿ, ಹೆದ್ದಾರಿಯ ಅಡಿಯಲ್ಲಿರುವ ಗಿಡ್ಡ ಸುರಂಗದೊಳಗೆ ಹೊಕ್ಕರೆ ಅದರಾಚೆಯ ಬಾಯಲ್ಲಿ ಚೌಕಟ್ಟು ಹಾಕಿಟ್ಟಂತೆ ಕಡಲು ಕಾಣುತ್ತದೆ. ಮಗ ಅಲ್ಲಿಂದಲೇ ಕೈ ಕೊಸರಿಕೊಂಡು ಓಡಿದ. ನೀರಿನ ಅಂಚಿಗೆ ಹೋಗಿ ಗಕ್ಕನೆ ನಿಂತ. ಅಲೆಯೊಂದು ಬಂದು ಅವನ ಹೆಬ್ಬೆರಳನ್ನು ಮುಟ್ಟಿ ಹಿಂದೆ ಸರಿಯಿತು, ಅವನೂ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟು ಧೈರ್ಯವಂತ ಅರ್ಧ ಗಂಟೆ ಹೀಗೆಯೇ ಕಳೆದ. ಕಿತ್ತಳೆ ಬಣ್ಣದ ಟೋಪಿ ಹಾಕಿದ್ದರಿಂದ ಎಲ್ಲಿದ್ದರೂ ಕಾಣುತ್ತಿದ್ದ, ಗಾಳಿಪಟದವರಿಗೆ ವಿಶೇಷ ಕೃತಜ್ಞತೆ.

ನೀಲಿ ಬಾವುಟವಿತ್ತು. ಮಗಳು ತೇಲುಬುರುಡೆಯ ಸಾಲಿನವರೆಗೆ ಅವಳ ತಂದೆಯೊಂದಿಗೆ ಹೋಗಿ ಬಂದಳು. ಮುಕ್ಕಾಲು ದೂರದವರೆಗೆ ಅವಳ ಕಾಲು ನೆಲ ಮುಟ್ಟುತ್ತಿತ್ತಂತೆ. ಕಡಲಮನೆಗೆ ದೊಡ್ಡವರಿಗೆ ತಲಾ 1,500 ಯೆನ್ ಕೊಟ್ಟೆವು, ಚಿತ್ರಾನ್ನದ ಡಬ್ಬಿಗೆ ಅವರು ಆಕ್ಷೇಪಿಸಲಿಲ್ಲ. ಲೋಳೆಮೀನು ಒಂದೂ ಕಾಣಲಿಲ್ಲ. ಹದ್ದು ಕಂಡಿತು, ಪಕ್ಕದ ಗುಂಪಿನವರ ಬ್ರೆಡ್ಡು ಹೋಯಿತು. ಒಂದು ತೊಂದರೆಯೆಂದರೆ ಶವರ್‌ನ ಮುಂದಿನ ಸಾಲು: ಮೂರು ಗಂಟೆಯ ನಂತರ ಇಪ್ಪತ್ತು ನಿಮಿಷ ನಿಲ್ಲಬೇಕಾಯಿತು, ಎರಡೂವರೆಗೇ ಎದ್ದಿದ್ದರೆ ತಪ್ಪುತ್ತಿತ್ತು.

ಅತ್ತೆಯವರು ಮಧ್ಯಾಹ್ನದವರೆಗೂ ಬೆಂಚು ಬಿಟ್ಟು ಏಳಲಿಲ್ಲ. ಊಟವಾದ ಮೇಲೆ ತಾವಾಗಿಯೇ ಎದ್ದು, ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು, ಮಾವನವರ ಕೈ ಹಿಡಿದು ಮೊಣಕಾಲಿನವರೆಗೆ ನೀರಿಗಿಳಿದರು. ನಲವತ್ತು ನಿಮಿಷ ಅಲ್ಲಿಯೇ ನಿಂತಿದ್ದರು. ಮರಳಿ ಬಂದವರು ಫುಜಿ ಎಲ್ಲಿ ಎಂದು ಕೇಳಿದರು. ಆ ದಿಕ್ಕಿನಲ್ಲಿ ಬೆಳ್ಳನೆಯ ಮಬ್ಬು ಬಿಟ್ಟು ಏನೂ ಇರಲಿಲ್ಲ. ಬೇಸಿಗೆಯಲ್ಲಿ ಅದು ಕಾಣುವುದು ಅಪರೂಪವೆಂದು ಪಕ್ಕದಲ್ಲಿದ್ದವರು ಹೇಳಿದರು. ಹಾಗಾದರೆ ಕಾಣುವ ದಿನ ಇನ್ನೊಮ್ಮೆ ಬರೋಣ ಎಂದರು ಮಾವ.

ಝುಶಿಯಿಂದಲೇ ಹೊರಡುವ ರೈಲಿಗೆ ಕಾದು ಆರೂ ಜನ ಕುಳಿತುಕೊಂಡೇ ಬಂದೆವು. ಮುಂದಿನ ಶನಿವಾರಕ್ಕೆ ತಾತೆಯಾಮಾ ಬಸ್ಸಿನ ಟಿಕೇಟು ಆಗಿದೆ. ಆ ಕೊಲ್ಲಿಯ ತೀರದಲ್ಲಿ ಕಡಲಮನೆಗಳು ಎಷ್ಟಿವೆ, ಮೊದಲೇ ಜಾಗ ಕಾದಿರಿಸಬಹುದೇ ಎಂಬುದನ್ನು ಗಾಳಿಪಟದವರು ತಿಳಿಸಿದರೆ ಉಪಕಾರವಾಗುತ್ತದೆ.